ಅಪ್ಪನ ಕಾರಿನ ಗೂರಲು

ಮಡಿಕೇರಿಯ ತಿಮ್ಮಯ್ಯ ಸರ್ಕಲ್ಲಿನಲ್ಲಿ ನನ್ನ ಕಾರು ಆರಿಹೋಗಿದ್ದು ಅದೇ ಮೊದಲೇನಲ್ಲ. ಆದರೆ ಆ ದಿನ ಬೆನ್ನಿಗೆ ಒಂದು ಸರ್ಕಾರಿ ಬಸ್ಸಿತ್ತು, ಅದರ ಹಿಂದೆ ಸಾಲು ಸಾಲು ಟೂರಿಸ್ಟ್ ವಾಹನ. ಹಾರನ್ನಿನ ಗಲಾಟೆ ಬೇರೆ. ವ್ಯಾನಿನಿಂದ ಇಳಿದ ಇಬ್ಬರು ಹುಡುಗರು ತಳ್ಳಲು ಬಂದರು ಅಂದುಕೊಂಡೆ. ಫೋಟೋ ತೆಗೆದುಕೊಳ್ಳಲು ಬಂದಿದ್ದರಂತೆ. ಫೋಟೋ ಆದಮೇಲೆ ತಳ್ಳಿದರು ಅನ್ನಿ.

ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಯುವುದು, ಕಾಲಿಟ್ಟರೆ ಕೆಮ್ಮುವುದು. ಐಡ್ಲಿಂಗಿನಲ್ಲಿ ನಿಂತಾಗ ಇಂಜಿನ್ನು ಒಮ್ಮೆ ಏರಿ ಒಮ್ಮೆ ಇಳಿದು, ಗೂರಲು ಬಂದ ಮುದುಕರ ಉಸಿರಿನ ಹಾಗೆ ಎಳೆಯುತ್ತಿತ್ತು. ಶೆಡ್ಡಿನಲ್ಲಿ ರಾತ್ರಿಯೆಲ್ಲ ತೊಟ್ಟು ತೊಟ್ಟಾಗಿ ಪೆಟ್ರೋಲು ಸೋರಿ ಬೆಳಿಗ್ಗೆ ಬಾಗಿಲು ತೆಗೆದರೆ ತಲೆ ಸುತ್ತುವಷ್ಟು ವಾಸನೆ. ಪಕ್ಕದ ಗೋಡೌನಿನಲ್ಲಿ ಒಣಗಿಸಿಟ್ಟ ಕಾಫಿ ಇತ್ತು. ಆ ವಾಸನೆ ಚೀಲಕ್ಕೆ ಹಿಡಿದರೆ ಯಾವ ವ್ಯಾಪಾರಿ ಮುಟ್ಟುತ್ತಾನೆ ಎಂದು ನಮ್ಮವರು ದಿನಾ ಗೊಣಗುತ್ತಿದ್ದರು. ಗೊಣಗಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಕಾರು ಅಪ್ಪನದು. 1957ರ ಎಂಜಿಎ ಸ್ಪೋರ್ಟ್ಸ್ ಕಾರು, ಎರಡೇ ಸೀಟು, ಮೇಲೆ ಬಟ್ಟೆಯ ಹುಡ್ಡು. ಊರು ಬಿಟ್ಟು ಹೊರಟ ಒಬ್ಬ ದೊರೆಯಿಂದ ಅಪ್ಪ ಇದನ್ನು ಕೊಂಡಾಗ ನಾನಿನ್ನೂ ಹುಟ್ಟಿರಲಿಲ್ಲ. ಇಂಗ್ಲೆಂಡಿನ ಅಬಿಂಗ್‌ಡನ್ನಿನಲ್ಲಿ ತಯಾರಾದ ಕಾರಾದರೂ ಇದರ ಹೃದಯ ನಮಗೆ ಪರಕೀಯವಲ್ಲ. 1489 ಸಿ.ಸಿ.ಯ ಬಿ-ಸೀರೀಸ್ ಇಂಜಿನ್ನು. 1959ರ ನಂತರ ನಮ್ಮ ಅಂಬಾಸಿಡರಿಗೆ ಹಾಕಿದ್ದೂ ಇದೇ ವಂಶದ್ದನ್ನೇ. ವ್ಯತ್ಯಾಸವೆಂದರೆ ಅಂಬಾಸಿಡರಿಗೆ ಒಂದು ಕಾರ್ಬುರೇಟರ್ (ಗಾಳಿಗೆ ಪೆಟ್ರೋಲು ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ), ಇದಕ್ಕೆ ಎರಡು. ಒಂದೂವರೆ ಇಂಚಿನ ಎಸ್‌ಯು ಕಂಪನಿಯ ಎಚ್4 ಜೋಡಿ. ಮುಂದಿನದು ಒಂದು ಮತ್ತು ಎರಡನೇ ಸಿಲಿಂಡರಿಗೆ ಉಣಿಸುತ್ತದೆ, ಹಿಂದಿನದು ಮೂರು ಮತ್ತು ನಾಲ್ಕಕ್ಕೆ.

ನಾನು ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದವಳು. ಎಸ್‌ಯು ಕಾರ್ಬುರೇಟರನ್ನು ಮೊದಲ ಸಲ ಬಿಚ್ಚಿ ನೋಡಿದಾಗ, ಇಷ್ಟು ವರ್ಷ ಇದನ್ನು ಮಕ್ಕಳಿಗೆ ತೋರಿಸದೆ ಹೋದೆನಲ್ಲ ಅನ್ನಿಸಿತ್ತು. ಗಂಟೆಯಾಕಾರದ ಒಂದು ಡಬ್ಬಿ, ಅದರೊಳಗೆ ಪಿಸ್ಟನ್ನು. ಇಂಜಿನ್ನು ಹೆಚ್ಚು ಗಾಳಿ ಎಳೆದಂತೆ ಡಬ್ಬಿಯೊಳಗೆ ಒತ್ತಡ ಕಡಿಮೆಯಾಗಿ ಪಿಸ್ಟನ್ನು ಮೇಲೇಳುತ್ತದೆ, ಗಾಳಿಯ ದಾರಿ ಅಗಲವಾಗುತ್ತದೆ. ಪಿಸ್ಟನ್ನಿನ ಬುಡಕ್ಕೆ ಕಚ್ಚಿಸಿದ ಚೂಪು ಸೂಜಿ ಅದರ ಜೊತೆಗೇ ಜೆಟ್ಟಿನಿಂದ, ಅಂದರೆ ಪೆಟ್ರೋಲು ಬರುವ ಸಣ್ಣ ಕೊಳವೆಯಿಂದ, ಮೇಲೇಳುತ್ತದೆ. ಸೂಜಿ ಕೆಳಕೆಳಗೆ ಸಣ್ಣಗಾಗುತ್ತ ಹೋಗುವುದರಿಂದ ಪೆಟ್ರೋಲಿನ ಸಂದಿಯೂ ಅದೇ ಲೆಕ್ಕದಲ್ಲಿ ಹಿರಿದಾಗುತ್ತದೆ. ಗಾಳಿ ಎಷ್ಟೋ ಪೆಟ್ರೋಲು ಅಷ್ಟು. ಇದನ್ನು ಕಂಡುಹಿಡಿದ ಸ್ಕಿನ್ನರ್ ಮನೆತನದವರದು ಪಾದರಕ್ಷೆಯ ವ್ಯಾಪಾರ. ಮೊದಮೊದಲ ಕಾರ್ಬುರೇಟರುಗಳಲ್ಲಿ ಪಿಸ್ಟನ್ನಿನ ಬದಲು ಚರ್ಮದ ತಿದಿ ಇದ್ದದ್ದು ಅದಕ್ಕೇ ಇರಬೇಕು. ಎಸ್‌ಯು ಅಂದರೂ ಸ್ಕಿನ್ನರ್ಸ್ ಯೂನಿಯನ್ ಅಂತಲೇ. ಕಂಪನಿ ಶುರುವಾದದ್ದು 1910ರಲ್ಲಿ.

ಇಷ್ಟೆಲ್ಲ ಗೊತ್ತಿದ್ದೂ ಒಂದು ವರ್ಷ ನಾನು ತಪ್ಪು ಕಡೆ ಹುಡುಕಿದೆ.

ಜೆಟ್ಟಿನ ಕೆಳಗೆ ಆರು ಮುಖದ ಒಂದು ನಟ್ ಇದೆ. ಕೆಳಕ್ಕೆ ಇಳಿಸಿದರೆ ಪೆಟ್ರೋಲು ಹೆಚ್ಚು, ಮೇಲಕ್ಕೆ ಏರಿಸಿದರೆ ಕಡಿಮೆ. ಐಡ್ಲಿಂಗ್ ನಿಲ್ಲುತ್ತಿಲ್ಲ ಅಂತ ಒಂದು ಮುಖ ಇಳಿಸಿದೆ. ನಿಂತಿತು. ಮಾರನೇ ದಿನ ಏರು ಹತ್ತುವಾಗ ಕಪ್ಪು ಹೊಗೆ. ಏರಿಸಿದೆ, ಹೊಗೆ ಹೋಯಿತು, ಐಡ್ಲಿಂಗೂ ಹೋಯಿತು. ಹೀಗೆ ಏರಿಸಿ ಇಳಿಸಿ ನಟ್ಟಿನ ಮೂಲೆಗಳೇ ಸವೆದವು. ಪ್ಲಗ್ಗು ಬಿಚ್ಚಿದರೆ ಮುಂದಿನ ಎರಡು ಮಸಿ, ಅಂದರೆ ಪೆಟ್ರೋಲು ಹೆಚ್ಚು; ಹಿಂದಿನ ಎರಡು ಬೆಳ್ಳಗೆ, ಅಂದರೆ ಗಾಳಿ ಹೆಚ್ಚು. ಉತ್ತರ ಅಲ್ಲೇ ಕಣ್ಣೆದುರಿಗಿತ್ತು. ಮಕ್ಕಳ ಪರೀಕ್ಷೆಯ ಪೇಪರಾಗಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದೆ.

ನಮ್ಮವರ ಸ್ನೇಹಿತರೊಬ್ಬರು, ಎರಡನ್ನೂ ಕಿತ್ತು ಬಿಸಾಕಿ ಹೊಸ ಜೋಡಿ ತರಿಸಿ ಎಂದರು. ವಿಚಾರಿಸಿದೆ. ಎಸ್‌ಯು ಹೆಸರು ಈಗ ಇಂಗ್ಲೆಂಡಿನ ಬರ್ಲೆನ್ ಎಂಬವರ ಕೈಯಲ್ಲಿದೆ, ಹೊಸದೂ ಸಿಗುತ್ತದೆ, ಬಿಡಿಭಾಗವೂ ಸಿಗುತ್ತದೆ. ಕಸ್ಟಮ್ಸ್ ಎಲ್ಲ ಸೇರಿ ಜೋಡಿಯ ಬೆಲೆ ಕೇಳಿದ ಮೇಲೆ ಆ ಮಾತು ಅಲ್ಲಿಗೆ ನಿಂತಿತು. ಆ ವರ್ಷ ಮಳೆಗೆ ಮೆಣಸಿನ ಬಳ್ಳಿ ಕೊಳೆತಿದ್ದವು.

ಹಾಗಾಗಿ ರಿಪೇರಿಗೆ ಕೊಟ್ಟದ್ದು ದೊಡ್ಡ ಊರಿನ ಒಂದು ವರ್ಕ್‌ಶಾಪಿಗೆ. ಹೆಸರು ಬೇಡ. ಅಲ್ಲಿ ಮಾತೆಲ್ಲ ನಮ್ಮವರ ಜೊತೆ. ಪ್ರಶ್ನೆ ಕೇಳಿದವಳು ನಾನು, ಉತ್ತರ ಹೋಗುತ್ತಿದ್ದದ್ದು ಅವರಿಗೆ. ಒಂದು ತಿಂಗಳಿಗೆ ಎರಡೂ ಮದುವೆ ಮನೆಯ ಬೆಳ್ಳಿ ಚೊಂಬಿನ ಹಾಗೆ ಫಳಫಳ ಹೊಳೆಯುತ್ತ ಬಂದವು. ಕೂರಿಸಿದೆವು. ಗೂರಲು ಹಾಗೇ ಇತ್ತು. ಈಗ ಹೊಸದಾಗಿ, ಗೇರು ಬದಲಿಸುವಾಗೆಲ್ಲ ಒಂದು ಮುಗ್ಗರಿಸುವಿಕೆ ಬೇರೆ ಸೇರಿಕೊಂಡಿತ್ತು.

ಸುಂಟಿಕೊಪ್ಪದ ಕಡೆ ಒಬ್ಬ ಹಳೇ ಮೆಕ್ಯಾನಿಕ್ ಇದ್ದಾರೆ. ಎಲ್ಲರಿಗೂ ಅವರು ಕಾಕ. ಎಪ್ಪತ್ತು ದಾಟಿದೆ, ಅಂಬಾಸಿಡರ್ ಟ್ಯಾಕ್ಸಿಗಳು ಹೋದಮೇಲೆ ಕೆಲಸ ಬಿಟ್ಟವರು. ಅವರ ಮೊಮ್ಮಗಳು ನನ್ನ ಶಿಷ್ಯೆ, ಆ ಋಣದಲ್ಲಿ ಮನೆಗೆ ಬಂದರು. ಬಾನೆಟ್ ಎತ್ತಿ ಮೊದಲು ಮಾಡಿದ್ದು ನಗು.

"ಯಾರು ಟೀಚರೇ ಇದಕ್ಕೆ ಪೌಡರು ಹಾಕಿದ್ದು?"

ಇಂಜಿನ್ನು ಸ್ಟಾರ್ಟ್ ಮಾಡಿಸಿದರು. ಜೇಬಿನಿಂದ ಹೊಲಿಗೆ ಮಿಷಿನ್ನಿನ ಎಣ್ಣೆ ಡಬ್ಬಿ ತೆಗೆದು, ಹಿಂದಿನ ಕಾರ್ಬುರೇಟರಿನ ಥ್ರಾಟಲ್ ಸ್ಪಿಂಡಲ್, ಅಂದರೆ ಇಂಜಿನ್ನಿಗೆ ಹೋಗುವ ದಾರಿಯನ್ನು ತೆರೆದು ಮುಚ್ಚುವ ಬಿಲ್ಲೆಯ ಸರಳು, ಹೊರಕ್ಕೆ ಬರುವ ಜಾಗದಲ್ಲಿ ಎರಡು ಹನಿ ಬಿಟ್ಟರು. ಅಷ್ಟೇ. ಏರಿಳಿಯುತ್ತಿದ್ದ ಇಂಜಿನ್ನು ತಟ್ಟನೆ ಸಮವಾಯಿತು. ಅರ್ಧ ನಿಮಿಷ ನಿಂತು, ಎಣ್ಣೆ ಒಳಕ್ಕೆ ಹೀರಿಕೊಂಡ ಕೂಡಲೇ ಮತ್ತೆ ಎಳೆಯಲು ಶುರು.

"ಗಾಳಿ ಬರಬೇಕಾದ್ದು ಬಾಯಿಂದ. ಇಲ್ಲಿ ಪಕ್ಕೆಯಿಂದ ಬರ್ತಾ ಉಂಟು. ನೀವು ಬುಡದಲ್ಲಿ ಪೆಟ್ರೋಲು ತಿರುಗಿಸಿ ಏನು ಮಾಡ್ತೀರಿ?"

ಸ್ಪಿಂಡಲನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು. ಸಡಿಲ ಹಲ್ಲಿನ ಹಾಗೆ ಆಡಿತು. ಎರಡು ಕಾರ್ಬುರೇಟರು, ಎರಡೆರಡು ತೂತು, ನಾಲ್ಕರಲ್ಲೂ ಸವೆತ, ಹಿಂದಿನದರಲ್ಲಿ ಹೆಚ್ಚು. ಐಡ್ಲಿಂಗಿನಲ್ಲಿ ಇಂಜಿನ್ನು ಎಳೆಯುವ ಗಾಳಿಯೇ ಸ್ವಲ್ಪ. ಅದರಲ್ಲಿ ಈ ಕಳ್ಳಗಾಳಿಯ ಪಾಲು ದೊಡ್ಡದು. ಅದಕ್ಕೆ ಸರಿದೂಗಲಿ ಎಂದು ಪೆಟ್ರೋಲು ಹೆಚ್ಚಿಸಿದರೆ, ಥ್ರಾಟಲ್ ತೆರೆದು ಏರು ಹತ್ತುವಾಗ ಕಳ್ಳಗಾಳಿ ಲೆಕ್ಕಕ್ಕೇ ಬಾರದೆ ಪೆಟ್ರೋಲು ಮಾತ್ರ ಹೆಚ್ಚಾಗಿ ಉಳಿಯುತ್ತದೆ. ನನ್ನ ಒಂದು ವರ್ಷದ ಏರಿಸು ಇಳಿಸು ಇಷ್ಟರಲ್ಲಿ ಮುಗಿಯಿತು.

ಸಾಮಾನಿನ ಪಟ್ಟಿ ಬರೆದು ತರಿಸಿದೆ: ಹೊಸ ಸ್ಪಿಂಡಲ್, ಅದು ತಿರುಗುವ ತೂತಿಗೆ ಕೂರಿಸುವ ಬುಶ್, ಥ್ರಾಟಲ್ಲಿನ ಹಿತ್ತಾಳೆ ಬಿಲ್ಲೆ, ಜೆಟ್, ಜಿಎಸ್ ಎಂದು ಅಕ್ಷರ ಕೊರೆದ ಸೂಜಿ, ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟ್ ವಾಲ್ವ್, ಕಾರ್ಕಿನ ಸೀಲುಗಳು. ಜೊತೆಗೆ ಪೆಟ್ರೋಲಿನ ರಬ್ಬರ್ ಪೈಪು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರ ತನಕ ಎಥೆನಾಲ್ ಇರುವುದರಿಂದ ಹಳೇ ರಬ್ಬರು ತಡೆಯುವುದಿಲ್ಲ, ಒಳಗೊಳಗೇ ಮೆತ್ತಗಾಗಿ ಉದುರುತ್ತದೆ. ಪಾರ್ಸೆಲ್ಲು ಬರುವಷ್ಟರಲ್ಲಿ ಜೂನ್ ಕಳೆದು ಮಳೆ ಕಚ್ಚಿಕೊಂಡಿತ್ತು. ಕರೆಂಟು ಬಂದಾಗ ಬಂತು, ಹೋದಾಗ ಹೋಯಿತು.

ಬಿಚ್ಚುವ ಕೆಲಸ ನನ್ನದೇ. ಎರಡು ಮೊಟ್ಟೆ ಟ್ರೇ ತಂದು ಒಂದಕ್ಕೆ ಮುಂದಿನದು, ಇನ್ನೊಂದಕ್ಕೆ ಹಿಂದಿನದು ಅಂತ ಬರೆದು, ಬಿಚ್ಚಿದ ಕ್ರಮದಲ್ಲೇ ಗುಳಿಗುಳಿಗೆ ಒಂದೊಂದು ಇಟ್ಟೆ. ಈ ಸಲ ಯಾವುದೂ ಅದಲುಬದಲಾಗಬಾರದು. ಯಾಕೆಂದರೆ ವರ್ಕ್‌ಶಾಪಿನವರ ಘನಕಾರ್ಯ ಅಷ್ಟರಲ್ಲಿ ಬಯಲಾಗಿತ್ತು. ಎಸ್‌ಯುವಿನಲ್ಲಿ ಪಿಸ್ಟನ್ನಿಗೂ ಅದರ ಡಬ್ಬಿಗೂ ನಡುವೆ ಕೂದಲೆಳೆಯ ಸಂದಿ. ಫ್ಯಾಕ್ಟರಿಯಲ್ಲೇ ಜೋಡಿ ಮಾಡಿ ಕೊಟ್ಟಿರುತ್ತಾರೆ. ಇವರು ಪಾಲಿಶ್ ಮಾಡುವಾಗ ನಾಲ್ಕನ್ನೂ ಒಂದೇ ತಟ್ಟೆಯಲ್ಲಿ ಹಾಕಿ, ಇದರ ಡಬ್ಬಿಗೆ ಅದರ ಪಿಸ್ಟನ್ನು ಕೂರಿಸಿ ಕಳಿಸಿದ್ದರು. ಗೇರು ಬದಲಿಸುವಾಗಿನ ಮುಗ್ಗರಿಕೆಯ ಮೂಲ ಅದು.

ಇದನ್ನು ಪತ್ತೆ ಮಾಡಲು ಒಂದು ಹಳೇ ಪರೀಕ್ಷೆ ಇದೆ. ಪಿಸ್ಟನ್ನಿನ ತೂತುಗಳನ್ನು ಮುಚ್ಚಿ, ಡಬ್ಬಿಯೊಳಗೆ ಪೂರ್ತಿ ತಳ್ಳಿ, ತಲೆಕೆಳಗು ಮಾಡಿ ಪಿಸ್ಟನ್ನನ್ನು ಕೈಯಲ್ಲಿ ಹಿಡಿದು ಡಬ್ಬಿಯನ್ನು ಬಿಟ್ಟುಬಿಡುವುದು. ಒಂದೂವರೆ ಇಂಚಿನದ್ದಾದರೆ ಡಬ್ಬಿ 5ರಿಂದ 7 ಸೆಕೆಂಡಿನಲ್ಲಿ ಕೆಳಗಿಳಿಯಬೇಕು. ತೂತು ಮುಚ್ಚಲು ಮನೆಯಲ್ಲಿದ್ದ ಜೇನುಮೇಣ ಸಾಕಾಯಿತು. ಬಂದ ಜೋಡಿಯಲ್ಲಿ ಒಂದು ಕಣ್ಣು ಮಿಟುಕಿಸುವಷ್ಟರಲ್ಲಿ ಬಿತ್ತು, ಇನ್ನೊಂದು ನಡುವೆ ಸಿಕ್ಕಿ ನಿಂತೇ ಬಿಟ್ಟಿತು. ಅದಲು ಬದಲು ಮಾಡಿದೆ. ಒಂದು 6 ಸೆಕೆಂಡು, ಇನ್ನೊಂದು 5. ನಾನು ಒಬ್ಬಳೇ ಚಪ್ಪಾಳೆ ತಟ್ಟಿದ್ದು ಕೇಳಿ ಅಡುಗೆಮನೆಯಿಂದ ನಮ್ಮವರು ಬಂದು ನೋಡಿ ಹೋದರು.

ಬುಶ್ ಕೂರಿಸುವುದು ನನ್ನ ಕೈಲಾಗುವ ಕೆಲಸವಲ್ಲ. ಮಳೆ ಒಂದು ದಿನ ಬಿಡುವು ಕೊಟ್ಟಾಗ ಕಾಕನ ಜೊತೆ ಕುಶಾಲನಗರದ ಲೇತಿನವರಲ್ಲಿಗೆ ಹೋದೆವು. ಸವೆದ ತೂತನ್ನು ದೊಡ್ಡದು ಮಾಡಿ, ಕಂಚಿನ ಬುಶ್ ಒತ್ತಿ ಕೂರಿಸಿ, ಮತ್ತೆ ಒಳಗೆ ತೂತನ್ನು ನಯವಾಗಿ ಹೆರೆಯುವ ರೀಮರ್ ಹಾಕಿ 5/16 ಇಂಚಿಗೆ ತರಬೇಕು. ಕಷ್ಟ ಅಳತೆಯಲ್ಲಿಲ್ಲ, ನೇರದಲ್ಲಿದೆ. ಎಡದ ತೂತು ಬಲದ ತೂತು ಒಂದೇ ಗೆರೆಯಲ್ಲಿ ಇರಬೇಕು. ಒಂದು ಕೂದಲಷ್ಟು ಓರೆಯಾದರೂ ಸ್ಪಿಂಡಲ್ ಬಿಗಿ. ಲೇತಿನ ಹುಡುಗ ಒಂದೊಂದು ಕಡೆಯಿಂದ ಬೇರೆಬೇರೆಯಾಗಿ ಹೊಡೆಯಲು ಹೊರಟಿದ್ದ. ಕಾಕ ಅವನ ಕೈ ಹಿಡಿದರು. "ಒಂದೇ ಸಲಕ್ಕೆ ಈ ಕಡೆಯಿಂದ ಆ ಕಡೆ ಹೋಗ್ಬೇಕು ಮೋನೇ. ಬಾಗಿಲಿಗೆ ಎರಡು ತಿರುಗಣಿ ಬೇರೆಬೇರೆ ಕಡೆ ನೋಡಿದ್ರೆ ಬಾಗಿಲು ತೆಗೀತದಾ?" ಉದ್ದ ರೀಮರನ್ನು ಕೈಯಿಂದಲೇ, ಎಣ್ಣೆ ಬಿಡುತ್ತ, ಎರಡೂ ಬುಶ್ಶಿನ ಮೂಲಕ ಒಟ್ಟಿಗೆ ದಾಟಿಸಿದರು. ಮಧ್ಯಾಹ್ನದ ಹೊತ್ತಿಗೆ ಸ್ಪಿಂಡಲ್ ತನ್ನ ಭಾರಕ್ಕೇ ತಿರುಗುವ ಹಾಗಾಯಿತು, ಅಲ್ಲಾಡಿಸಿದರೆ ಮಾತ್ರ ಸ್ವಲ್ಪವೂ ಆಡಲಿಲ್ಲ.

ಬಿಲ್ಲೆ ಕೂರಿಸುವಾಗ ಒಂದು ಸೂಕ್ಷ್ಮ. ಅದರ ಅಂಚು ಓರೆಯಾಗಿ ಕಡೆದಿರುತ್ತದೆ, ತಿರುಗಮುರುಗ ಹಾಕಿದರೆ ಪೂರ್ತಿ ಮುಚ್ಚುವುದಿಲ್ಲ. ಸ್ಕ್ರೂ ಸಡಿಲ ಇಟ್ಟು, ಥ್ರಾಟಲ್ ಮುಚ್ಚಿ, ಬಿಲ್ಲೆ ತಾನೇ ತನ್ನ ಜಾಗ ಹುಡುಕಿಕೊಂಡ ಮೇಲೆ ಬಿಗಿ ಮಾಡಬೇಕು. ದೀಪಕ್ಕೆ ಹಿಡಿದರೆ ಸುತ್ತಲೂ ಬೆಳಕು ಕಾಣಬಾರದು. ಆಮೇಲೆ ಸ್ಕ್ರೂವಿನ ಸೀಳಿದ ತುದಿಯನ್ನು ಅಗಲಿಸಿ ಬಿಡುವುದು. ಬಿಚ್ಚಿಕೊಂಡರೆ ನೇರ ಸಿಲಿಂಡರಿಗೇ ಪ್ರಯಾಣ.

ಇಷ್ಟಾದರೂ ಅರ್ಧ ಕೆಲಸ. ಪೆಟ್ರೋಲು ಸೋರುತ್ತಿದ್ದದ್ದು ಸ್ಪಿಂಡಲಿನಿಂದಲ್ಲ, ಜೆಟ್ಟಿನ ಬುಡದಿಂದ. ಎಚ್ ಮಾದರಿಯಲ್ಲಿ ಚೋಕ್ ಎಳೆದರೆ ಜೆಟ್ಟೇ ಕೆಳಗಿಳಿಯುತ್ತದೆ. ಹಾಗೆ ಚಲಿಸುವ ಕೊಳವೆಯ ಸುತ್ತ ಪೆಟ್ರೋಲನ್ನು ತಡೆದು ಹಿಡಿದಿರುವುದು ಕಾರ್ಕಿನ ಪುಟ್ಟ ಉಂಗುರಗಳು: ಎರಡು ಸಣ್ಣವು, ಕೆಳಗೆ ಇನ್ನೊಂದು ಸ್ವಲ್ಪ ದೊಡ್ಡದು. ಒಣಗಿದರೆ ಕುಗ್ಗಿ ಸೋರುತ್ತವೆ. ನನ್ನವು ಒಣಗಿದ ಕಿತ್ತಳೆ ಸಿಪ್ಪೆಯಂತೆ ಮುರಿದವು. ಹೊಸದನ್ನು ಒಂದು ರಾತ್ರಿ ಇಂಜಿನ್ ಆಯಿಲ್ಲಿನಲ್ಲಿ ನೆನೆಹಾಕಿದೆ. ಉಪ್ಪಿನಕಾಯಿ ಬಟ್ಟಲು ಎಲ್ಲಿ ಹೋಯಿತೆಂದು ಮನೆಯಲ್ಲಿ ಎರಡು ದಿನ ಹುಡುಕಾಟ ನಡೆಯಿತು.

ಆಮೇಲೆ ಜೆಟ್ಟನ್ನು ಸೂಜಿಗೆ ಸರಿಯಾಗಿ ನಡುವಿಗೆ ತರುವುದು. ಎಷ್ಟೋ ಜನ ಈ ಹಂತದಲ್ಲೇ ಕೈಬಿಟ್ಟು ಬೇರೆ ಕಾರ್ಬುರೇಟರ್ ಹಾಕಿಸಿಬಿಡುತ್ತಾರೆ. ಜೆಟ್ಟಿನ ತೂತು 0.090 ಇಂಚು, ಅಂದರೆ 2.3 ಮಿಲಿಮೀಟರಿಗೂ ಕಡಿಮೆ. ಅದರ ನಟ್ಟನಡುವೆ ಸೂಜಿ ಎಲ್ಲೂ ತಾಗದೆ ಏರಿ ಇಳಿಯಬೇಕು. ನಟ್ಟನ್ನು ಪೂರ್ತಿ ಮೇಲಕ್ಕೆ ತಿರುಗಿಸಿ, ಲಾಕ್ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ, ಮೇಲಿನ ತೂತಿನಿಂದ ಪೆನ್ಸಿಲ್ಲಿನಲ್ಲಿ ಪಿಸ್ಟನ್ನನ್ನು ಒತ್ತಿ ಹಿಡಿದು, ಜೆಟ್ಟಿನ ಬುಡಕ್ಕೆ ಮೆಲ್ಲ ತಟ್ಟಿ, ಲಾಕ್ ನಟ್ ಬಿಗಿ ಮಾಡುವುದು. ಈಗ ಪಿಸ್ಟನ್ನು ಎತ್ತಿ ಬಿಟ್ಟರೆ ಟಿಕ್ ಎಂದು ಲೋಹಕ್ಕೆ ಲೋಹ ತಾಗಿದ ಸದ್ದು ಬರಬೇಕು. ಜೆಟ್ಟನ್ನು ಪೂರ್ತಿ ಕೆಳಗಿಳಿಸಿ ಮತ್ತೆ ಬಿಟ್ಟರೂ ಅದೇ ಸದ್ದು. ಎರಡನೆಯದು ಹೆಚ್ಚು ಸ್ಪಷ್ಟವಾಗಿ ಕೇಳಿದರೆ ಮೊದಲಿನದರಲ್ಲಿ ಸೂಜಿ ಎಲ್ಲೋ ಉಜ್ಜುತ್ತಿದೆ ಎಂದರ್ಥ, ಮತ್ತೆ ಮೊದಲಿನಿಂದ.

ಲಾಕ್ ನಟ್ ಬಿಗಿಯುವಾಗಲೇ ಜೆಟ್ಟು ಒಂದಿಷ್ಟು ಸರಿದುಬಿಡುತ್ತದೆ. ಅದೇ ಇದರ ಕಾಟ. ಮುಂದಿನದು ಮೂರನೇ ಪ್ರಯತ್ನಕ್ಕೆ ಕೂತಿತು. ಹಿಂದಿನದಕ್ಕೆ ಮೂರು ಸಂಜೆ. ಮೇಲೆ ಶೀಟಿನ ಮೇಲೆ ಮಳೆ ಹೊಯ್ಯುವ ಅಬ್ಬರ, ಕೆಳಗೆ ನಾನು ಕಾರ್ಬುರೇಟರಿಗೆ ಕಿವಿಗೊಟ್ಟು ಒಂದು ಟಿಕ್‌ಗೆ ಕಾಯುತ್ತ. ಸದ್ದು ಕೇಳಿಸದೆ ಕೊನೆಗೆ ಅದನ್ನು ಎತ್ತಿಕೊಂಡು ದೇವರ ಕೋಣೆಗೆ ಹೋದೆ. ಮನೆಯಲ್ಲಿ ಹೆಂಚಿನಡಿ ಮರದ ಮುಚ್ಚಿಗೆ ಇರುವುದು ಅಲ್ಲಿ ಮಾತ್ರ. ಕಾಕನಿಗೆ ಫೋನು ಮಾಡಿ ಗೋಳು ಹೇಳಿಕೊಂಡೆ. "ಸೂಜಿ ತಿರುಗಿಸಿ ನೋಡಿ ಟೀಚರೇ. ಸೂಜಿಯೇ ಸೊಟ್ಟ ಇದ್ರೆ ಜೆಟ್ಟು ಏನು ಮಾಡ್ತದೆ?" ಗಾಜಿನ ಮೇಲೆ ಉರುಳಿಸಿ ನೋಡಿದರೆ ಹೌದು, ಹೊಸ ಸೂಜಿಯ ತುದಿ ಕುಣಿಯುತ್ತಿತ್ತು. ಪಾರ್ಸೆಲ್ಲಿನಲ್ಲಿ ಬಾಗಿತೋ ನಾನೇ ಬಾಗಿಸಿದೆನೋ. ಇನ್ನೊಂದು ಸೂಜಿ ಬರಲು ಹದಿನೈದು ದಿನ. ಬಂದ ದಿನವೇ, ಭುಜದ ಅಂಚನ್ನು ಪಿಸ್ಟನ್ನಿನ ತಳಕ್ಕೆ ಸಮ ಮಾಡಿ ಕೂರಿಸಿ, ಎರಡನೇ ಸಲಕ್ಕೆ ಟಿಕ್. ಕೆಳಗಿಳಿಸಿ ಬಿಟ್ಟೆ. ಟಿಕ್.

ಫ್ಲೋಟಿನ ಕೆಲಸ ಸುಲಭ. ಹಿತ್ತಾಳೆ ಫ್ಲೋಟನ್ನು ಬಿಸಿನೀರಿನಲ್ಲಿ ಮುಳುಗಿಸಿದರೆ ತೂತಿದ್ದ ಕಡೆ ಗುಳ್ಳೆ ಬರುತ್ತದೆ, ಬರಲಿಲ್ಲ. ಮುಚ್ಚಳ ತಲೆಕೆಳಗು ಹಿಡಿದು, ಫ್ಲೋಟು ತಾಗುವ ಕವಲಿನ ಅಡಿ 7/16 ಇಂಚಿನ ಡ್ರಿಲ್ ಬಿಟ್ ಇಟ್ಟು ಮಟ್ಟ ನೋಡಿದೆ.

ಎರಡನ್ನೂ ಕಾರಿಗೆ ಕೂರಿಸಿ ಟ್ಯೂನಿಂಗ್ ಮಾಡಿದ್ದು ಅಕ್ಟೋಬರಿನಲ್ಲಿ, ತುಲಾ ಸಂಕ್ರಮಣ ಕಳೆದ ಮೇಲೆ. ಎರಡೂ ನಟ್ ಎರಡೆರಡು ಸುತ್ತು ಕೆಳಗೆ, ಪಿಸ್ಟನ್ನು ದಿಢೀರನೆ ಏರದಂತೆ ತಡೆಯುವ ಡ್ಯಾಂಪರಿಗೆ ಎಣ್ಣೆ. ಕಾಕ ಒಂದು ಗೇಣು ರಬ್ಬರ್ ಪೈಪನ್ನು ಕಿವಿಗೆ ಹಿಡಿದು, ಇನ್ನೊಂದು ತುದಿಯನ್ನು ಒಂದೊಂದು ಕಾರ್ಬುರೇಟರಿನ ಬಾಯಿಗೆ ಇಟ್ಟು ಹಿಸ್ಸೆನ್ನುವ ಸದ್ದು ಕೇಳಿದರು. ಎರಡೂ ಒಂದೇ ಶ್ರುತಿಗೆ ಬರುವ ತನಕ ಥ್ರಾಟಲ್ ಸ್ಕ್ರೂ ತಿರುಗಿಸಿದರು. ಆಮೇಲೆ ಪಿಸ್ಟನ್ನನ್ನು ಒಂದು ಮಿಲಿಮೀಟರಿಗೂ ಕಡಿಮೆ ಎತ್ತಿ ನೋಡುವುದು. ಇಂಜಿನ್ನಿನ ವೇಗ ಏರಿ ಹಾಗೇ ನಿಂತರೆ ಪೆಟ್ರೋಲು ಹೆಚ್ಚು, ಕುಸಿದರೆ ಕಡಿಮೆ, ಒಂದು ಚೂರು ಏರಿ ಮತ್ತೆ ಹಳೇ ವೇಗಕ್ಕೆ ಬಂದರೆ ಸರಿ. ಇಷ್ಟು ದಿನ ಒಂದು ಮುಖ ತಿರುಗಿಸಿದರೂ ಏನಾಗುತ್ತದೆಂದು ಹೇಳಲಾಗುತ್ತಿರಲಿಲ್ಲ. ಈಗ ಅರ್ಧ ಮುಖ ತಿರುಗಿಸಿದರೂ ಇಂಜಿನ್ನು ಉತ್ತರ ಕೊಡುತ್ತಿತ್ತು.

ಒಂದು ಪ್ರಶ್ನೆ ಉಳಿದಿತ್ತು. ಮಡಿಕೇರಿ ಇರುವುದು ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್ ಎತ್ತರದಲ್ಲಿ. ಗಾಳಿಯ ಒತ್ತಡ ಮಂಗಳೂರಿಗಿಂತ ಹೆಚ್ಚುಕಡಿಮೆ ಶೇಕಡಾ 13 ಕಡಿಮೆ. ಇಲ್ಲಿ ಸರಿಯಿರುವ ಮಿಶ್ರಣ ಘಟ್ಟ ಇಳಿದರೆ, ಗಾಳಿ ದಪ್ಪವಾಗಿ, ತೆಳುವಾಗಬೇಕು. ಲೆಕ್ಕ ಹಾಕುವುದರ ಬದಲು ನೋಡಿಯೇ ಬಿಡೋಣ ಎಂದು ಕಾಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಂಪಾಜೆಗೆ ಇಳಿದೆ. 2018ರಲ್ಲಿ ಗುಡ್ಡ ಜಾರಿ ಕಡಿದುಹೋಗಿದ್ದ ಜಾಗಗಳಲ್ಲಿ ಈಗ ತಡೆಗೋಡೆ. ಕೆಳಗೆ ಹೋಟೆಲೊಂದರ ಎದುರು ಪ್ಲಗ್ ಬಿಚ್ಚಿ ನೋಡಿದರೆ ನಾಲ್ಕೂ ಒಂದೇ ಬಣ್ಣ, ಆದರೆ ಇರಬೇಕಾದ ಬಿಸ್ಕತ್ತಿನ ಬಣ್ಣಕ್ಕಿಂತ ಒಂದು ಛಾಯೆ ಬಿಳಿ. ಎರಡಕ್ಕೂ ಒಂದೊಂದು ಮುಖ ಇಳಿಸಿದೆವು. ಚಹಾ ಕುಡಿದು ಮುಗಿಸುವ ತನಕ ಇಂಜಿನ್ನನ್ನು ಬೇಕೆಂತಲೇ ಆರಿಸಲಿಲ್ಲ. ಹೋಟೆಲಿನವರು ಪೆಟ್ರೋಲು ದಂಡ ಎಂದು ಎರಡು ಸಲ ನೆನಪಿಸಿದರು. ವಾಪಸ್ ಏರಿನಲ್ಲಿ ಕನ್ನಡಿಯಲ್ಲಿ ನೋಡುತ್ತಲೇ ಬಂದೆ. ಹೊಗೆ ಇರಲಿಲ್ಲ. ನಟ್ಟುಗಳಿಗೆ ಸೊಸೆಯ ಉಗುರು ಬಣ್ಣದಲ್ಲಿ ಗುರುತು ಹಾಕಿಟ್ಟೆ.

ಆ ರಾತ್ರಿ ಕಾರಿನಡಿ ಹಳೇ ಪೇಪರು ಹಾಸಿಟ್ಟು, ಮನೆಯೊಳಗೆ ಹೋಗಿ ಮಲಗಿದೆ. ಬೆಳಿಗ್ಗೆ ಪೇಪರು ಒಣಗಿಯೇ ಇತ್ತು.

ಮಳೆಗಾಲಕ್ಕೆ ಏನು ಮಾಡುವುದು ಎಂಬುದು ಮಾತ್ರ ಬಗೆಹರಿಯಲಿಲ್ಲ. ಪೆಟ್ರೋಲು ಒಳಗೇ ಬಿಟ್ಟರೆ ಅದರ ಎಥೆನಾಲ್ ನಮ್ಮ ಈ ಥಂಡಿಯಲ್ಲಿ ನೀರು ಹೀರುತ್ತದೆ. ಬಸಿದು ಒಣ ಇಟ್ಟರೆ ಕಾರ್ಕು ಕುಗ್ಗುತ್ತದೆ. ಎರಡನ್ನೂ ತಪ್ಪಿಸಬೇಕೆಂದರೆ ವಾರಕ್ಕೊಮ್ಮೆಯಾದರೂ ಓಡಿಸಿ ಹಳೇ ಪೆಟ್ರೋಲು ಸುಟ್ಟು ಹೊಸದು ತುಂಬಬೇಕು. ಈ ವರ್ಷ ಕಕ್ಕಡ ಹದಿನೆಂಟರಂದೂ (ಕೊಡಗಿನ ಮಳೆಗಾಲದ ಕಕ್ಕಡ ತಿಂಗಳಲ್ಲಿ ಮದ್ದುಸೊಪ್ಪು ಉಣ್ಣುವ ದಿನ) ಬಿಡಲಿಲ್ಲ. ಮನೆತುಂಬ ಮದ್ದುಸೊಪ್ಪಿನ ಪಾಯಸದ ವಾಸನೆ, ಹೊರಗೆ ಮೂರು ದಿನದಿಂದ ಬಿಡದ ಮಳೆ. ಹುಡ್ಡು ಏರಿಸಿ, ಛತ್ರಿಯನ್ನು ಪಕ್ಕದ ಸೀಟಿಗೆ ಎಸೆದು, ಗೇಟು ದಾಟಿದೆ. ತೋಟದ ಕೆಲಸದವಳೊಬ್ಬಳು ಗೊರಗದಡಿಯಿಂದ ಇಣುಕಿ ಕೇಳಿದಳು, "ಈ ಮಳೇಲಿ ಎಲ್ಲಿಗಕ್ಕ?"

"ಎಲ್ಲಿಗೂ ಇಲ್ಲ. ಸುಂಟಿಕೊಪ್ಪಕ್ಕೆ ಹೋಗಿ ಬಂದೆ" ಅಂದೆ, ಇನ್ನೂ ಹೊರಡುವ ಮೊದಲೇ.